ಸಕ್ಕರೆ ಮರಳಾದ ಹೊತ್ತು

ಹಿತ್ತಲ ಬೇಲಿಗೆ ಹಬ್ಬಿದ ಮಧುನಾಶಿನಿ ಬಳ್ಳಿಯಿಂದ ಎರಡು ಎಲೆ ಕೊಯ್ದು ಚೆನ್ನಾಗಿ ಅಗಿದೆ. ಕಹಿ, ಸ್ವಲ್ಪ ಒಗರು. ಉಗಿದು, ಬಾಯಿ ತೊಳೆದು, ಒಂದು ಚಿಟಿಕೆ ಸಕ್ಕರೆ ನಾಲಿಗೆ ಮೇಲೆ ಹಾಕಿಕೊಂಡೆ. ಸಿಹಿ ಇಲ್ಲ. ಒಂದಿಷ್ಟೂ ಇಲ್ಲ. ಕಾರವಾರದ ಕಡಲ ದಂಡೆಯ ಮರಳು ಬಾಯಿಗೆ ಹೋದ ಹಾಗೆ ಬರೀ ಕರಕರ. ಬೆಲ್ಲದ ಚೂರು ಇಟ್ಟುಕೊಂಡೆ. ಅದೂ ಹಸಿ ಮಣ್ಣಿನ ಹಾಗೆ. ಲಿಂಬೆಯ ಹುಳಿ ಮಾತ್ರ ಹುಳಿಯಾಗಿಯೇ ಇತ್ತು, ಉಪ್ಪು ಉಪ್ಪಾಗಿಯೇ ಇತ್ತು. ಅರ್ಧ ಗಂಟೆ ಕಳೆದ ಮೇಲೆ ಸಿಹಿ ನಿಧಾನಕ್ಕೆ ತಿರುಗಿ ಬಂತು.

ಸಕ್ಕರೆ ಅದೇ, ಡಬ್ಬಿಯೂ ಅದೇ. ಬದಲಾದದ್ದು ನಾಲಿಗೆ. ರುಚಿಮೊಗ್ಗುಗಳ ಕೆಲವು ಕೋಶಗಳ ಮೈಮೇಲೆ ಎರಡು ಪ್ರೋಟೀನುಗಳು ಜೋಡಿಯಾಗಿ ಕೂತಿರುತ್ತವೆ. ಟಿ1ಆರ್2, ಟಿ1ಆರ್3 ಅಂತ ಅವುಗಳ ಹೆಸರು. ಸಕ್ಕರೆಯ ಅಣು ಈ ಜೋಡಿಗೆ ತಾಗಿದರೆ ಮಿದುಳಿಗೆ ಸುದ್ದಿ ಹೋಗುತ್ತದೆ. ಮಧುನಾಶಿನಿಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ಮೊದಲೇ ಬಂದು ಅಲ್ಲಿ ಅಂಟಿಕೊಂಡು ಸುದ್ದಿಯನ್ನು ತಡೆಯುತ್ತವೆ. ಬೆಕ್ಕಿಗೆ ಈ ತಡೆ ಹುಟ್ಟಿನಿಂದಲೇ ಇದೆ. ಟಿ1ಆರ್2 ಮಾಡುವ ಜೀನ್ ಅದರಲ್ಲಿ ಕೆಟ್ಟುಹೋಗಿದೆ. ಪಾಯಸದ ಪಾತ್ರೆ ನೆಕ್ಕುವ ಬೆಕ್ಕಿಗೆ ಬೇಕಾಗಿರುವುದು ಅದರೊಳಗಿನ ಹಾಲು, ತುಪ್ಪ.

ನನಗೆ ಸಿಹಿ ಚೆನ್ನಾಗಿಯೇ ಗೊತ್ತಾಗುತ್ತದೆ. ಊಟದ ಪಂಕ್ತಿಯಲ್ಲಿ ಹೋಳಿಗೆ ಎರಡನೇ ಸಲ ಬರುವುದನ್ನೇ ಕಾದು ಕೂತು ಬೆಳೆದವರು ನಾವು. ಹೋದ ವರ್ಷ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಅಂತ ಬಂತು. ಹಿಂದಿನ ಎರಡು ಮೂರು ತಿಂಗಳಲ್ಲಿ ರಕ್ತದಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ಹೇಳುವ ಪರೀಕ್ಷೆ ಅದು. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು. 6.5 ಆದರೆ ಹೊಸ್ತಿಲು ದಾಟಿದ ಹಾಗೆ. ಅಪ್ಪ ಅದನ್ನು ದಾಟಿ, ಕಾಲಿನ ಹುಣ್ಣು ಮಾಯದೆ ಪಟ್ಟ ಕಷ್ಟವನ್ನು ಕಣ್ಣಾರೆ ಕಂಡವರಿಗೆ ಈ ಅಂಕಿ ಸಣ್ಣದಾಗಿ ಕಾಣುವುದಿಲ್ಲ.

ಮೊದಲು ಮಾಡಿದ್ದು ದಿನಸಿ ಚೀಟಿ ತೆಗೆದು ನೋಡಿದ್ದು. ದಿನಕ್ಕೆ ಎಷ್ಟು ಚಮಚ ಅಂತ ನೆನಪಿನಿಂದ ಹೇಳಹೊರಟರೆ ಎಲ್ಲರೂ ಕಮ್ಮಿಯೇ ಹೇಳುತ್ತೇವೆ. ಚೀಟಿ ಹಾಗೆ ಮಾಡುವುದಿಲ್ಲ. ಮನೆಯಲ್ಲಿ ನಾಲ್ಕು ಜನ. ತಿಂಗಳಿಗೆ ಸಕ್ಕರೆ ಐದು ಕಿಲೊ, ಬೆಲ್ಲ ಒಂದು ಕಿಲೊ. ಭಾಗ ಮಾಡಿದರೆ ಒಬ್ಬೊಬ್ಬರಿಗೆ ದಿನಕ್ಕೆ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ, ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ 50 ಗ್ರಾಂ ಅಂದರೆ ಗಡಿ. 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ನಮ್ಮ ಚೀಟಿಯ ಲೆಕ್ಕದಲ್ಲಿ ಪೇಟೆಯ ಚಹಾ, ಬಿಸ್ಕೀಟು, ಮದುವೆ ಮನೆಯ ಸಿಹಿ ಯಾವುದೂ ಸೇರಿಲ್ಲ. ನೀವೂ ಒಮ್ಮೆ ನಿಮ್ಮ ಮನೆಯ ಚೀಟಿ ತೆಗೆದು ಭಾಗಿಸಿ ನೋಡಿ.

ಬೆಲ್ಲವನ್ನೂ ಯಾಕೆ ಸೇರಿಸಿದೆ ಅಂತ ಆಯಿ ಕೇಳಿದಳು. ಶಿರಸಿ ಕಡೆಯವರಿಗೆ ಇದು ನೋವಿನ ವಿಷಯ. ಪಾಕದ ಹಾಗಿರುವ ಜೋನಿ ಬೆಲ್ಲ ನಮಗೆ ದೋಸೆಗೂ ಬೇಕು, ತೊಡದೇವು ಎಂಬ ಸಿಹಿತಿಂಡಿಗೂ ಬೇಕು. ಆದರೂ ಹೇಳಬೇಕು. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಬೇರೆ ಖನಿಜಗಳು ಇರುವುದು ನಿಜ. ಉಳಿದ ಬಹುಪಾಲು ಸಕ್ಕರೆಯೇ. ಜೋನಿ ಬೆಲ್ಲ ಗಟ್ಟಿಯಾಗದೆ ಇರುವುದಕ್ಕೆ ಒಂದು ಕಾರಣ, ಅದರಲ್ಲಿ ಸಕ್ಕರೆಯ ಒಂದು ಪಾಲು ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದಿರುತ್ತದೆ. ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೂ ಒಡೆದು ಅವೆರಡೇ ಆಗುತ್ತದೆ. ಜೇನುತುಪ್ಪದಲ್ಲಿ ಜಾಸ್ತಿ ಇರುವುದೂ ಅವೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೆ ಜೇನುತುಪ್ಪ, ಹಣ್ಣಿನ ರಸ ಎಲ್ಲ ಸೇರುತ್ತವೆ. ಇಡೀ ಹಣ್ಣು ಸೇರುವುದಿಲ್ಲ. ಬನವಾಸಿಯ ಅನಾನಸನ್ನು ಹೋಳು ಮಾಡಿ ತಿಂದರೆ ಅಗಿಯಬೇಕು, ನಾರು ಜೊತೆಗಿರುತ್ತದೆ, ನಾಲ್ಕು ಹೋಳು ತಿನ್ನುವಷ್ಟರಲ್ಲಿ ಸಾಕು ಅನ್ನಿಸುತ್ತದೆ. ಅದನ್ನೇ ರಸ ಮಾಡಿ ಸೋಸಿದರೆ ಒಂದೇ ಗುಟುಕಿಗೆ ಮುಗಿಯುತ್ತದೆ. ಮೇಲಿಂದ ಎರಡು ಚಮಚ ಸಕ್ಕರೆ ಬೇರೆ.

ಬಿಡಬೇಕು ಅಂತ ಮನಸ್ಸು ಮಾಡಿದರೂ ಸಂಜೆ ನಾಲ್ಕು ಗಂಟೆಯ ಚಹಾದ ಹೊತ್ತು ಬಿಡುವುದಿಲ್ಲ, ಅಲ್ವಾ? ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾದರೆ ಸಾಕು, ಬಾಯಲ್ಲಿ ನೀರು. ವೊಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಕೋತಿಗಳಿಗೆ ಹಣ್ಣಿನ ರಸದ ಹನಿ ಕೊಟ್ಟು, ಅವುಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುವ ನರಕೋಶಗಳನ್ನು ಗಮನಿಸಿದರು. ಶುರುವಿನಲ್ಲಿ ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಮೊದಲು ಸೂಚನೆ ಸಿಗುತ್ತದೆ ಅಂತ ಅಭ್ಯಾಸವಾದ ಮೇಲೆ ಸೂಚನೆಗೇ ಚುರುಕಾದವು. ಸೂಚನೆ ಬಂದು ರಸ ಬಾರದೆ ಹೋದಾಗ, ಬರಬೇಕಾಗಿದ್ದ ಹೊತ್ತಿಗೆ ಸರಿಯಾಗಿ ಅವು ಮಂಕಾದವು. ನಾಲ್ಕು ಗಂಟೆಯ ಪಾತ್ರೆಯ ಸದ್ದು ನನಗೆ ಆ ಸೂಚನೆ. ಆಮೇಲಿನ ಚಡಪಡಿಕೆಯನ್ನು ನನ್ನ ಮನಸ್ಸಿನ ಬಲಹೀನತೆ ಅಂದುಕೊಂಡಿದ್ದೆ. ಮಿದುಳು ಕಲಿತ ಪಾಠ ಅದು ಅಂತ ತಿಳಿದದ್ದೇ ದೊಡ್ಡ ಸಮಾಧಾನವಾಯಿತು.

ಸಕ್ಕರೆ ಬದಲಿಗೆ ಸಿಹಿ ಮಾತ್ರೆ ಹಾಕಿಕೊಂಡರೆ ಆಗದೇ ಅಂತ ಎಷ್ಟೋ ಜನ ಕೇಳುತ್ತಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಇಲಿಗಳ ಮುಂದೆ ಎರಡು ಬಾಟಲಿ. ಒಂದರಲ್ಲಿ ಸಕ್ಕರೆ ನೀರು, ಇನ್ನೊಂದರಲ್ಲಿ ಕೃತಕ ಸಿಹಿಯ ನೀರು. ಮೊದಮೊದಲು ಎರಡನ್ನೂ ಕುಡಿದ ಇಲಿಗಳು ಎರಡು ದಿನದಲ್ಲಿ ಸಕ್ಕರೆಯ ಬಾಟಲಿಗೇ ಅಂಟಿಕೊಂಡವು. ಕರುಳಿನ ಕೋಶಗಳೂ ಸಕ್ಕರೆಯನ್ನು ಗುರುತಿಸುತ್ತವೆ. ವೇಗಸ್ ನರದ ಮೂಲಕ ಮಿದುಳಿಗೆ ತಿಳಿಸುತ್ತವೆ. ಕೃತಕ ಸಿಹಿ ನಾಲಿಗೆಯನ್ನು ಒಪ್ಪಿಸಬಹುದು, ಕರುಳನ್ನಲ್ಲ. ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಹೇಳಿತು.

ಹಾಗಾಗಿ ನಾನು ಹಿಡಿದದ್ದು ನಿಧಾನದ ದಾರಿ. ಚಹಾಕ್ಕೆ ಎರಡು ಚಮಚ ಇದ್ದದ್ದು ಒಂದೂವರೆ. ಎರಡು ವಾರ ಬಿಟ್ಟು ಒಂದು. ಆಮೇಲೆ ಅರ್ಧ. ಪಾತ್ರೆ ಸದ್ದಾಗುವ ನಾಲ್ಕು ಗಂಟೆಗೆ ಮುರುಗಲ (ಪುನರ್ಪುಳಿ) ಸಿಪ್ಪೆ ನೆನೆಸಿದ ನೀರಿಗೆ ಉಪ್ಪು, ಜೀರಿಗೆ ಹಾಕಿ ಕುಡಿದೆ. ಜೊತೆಗೆ ಹುರಿದ ಶೇಂಗಾ. ಸದ್ದು ಅದೇ, ಬರುವ ರುಚಿ ಬೇರೆ. ಮೊದಲ ಹತ್ತು ದಿನ ಚಹಾ ಸಪ್ಪೆ ನೀರಿನಂತಿತ್ತು. ಕಷಾಯ ಇನ್ನೂ ಕಷ್ಟ. ಆದರೆ ಎರಡನೇ ತಿಂಗಳು ಮುಗಿಯುವಾಗ ಕೊತ್ತಂಬರಿ, ಜೀರಿಗೆಯ ಪರಿಮಳ ಮೊದಲಿಗಿಂತ ಸ್ಪಷ್ಟವಾಗಿ ಸಿಗತೊಡಗಿತು.

ಇದು ಬರೀ ನನ್ನೊಬ್ಬನ ಅನುಭವವಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಲವರು ಮೂರು ತಿಂಗಳು ಸಕ್ಕರೆ ಕಮ್ಮಿ ಮಾಡಿದರು. ಮೂರನೇ ತಿಂಗಳ ಹೊತ್ತಿಗೆ ಅದೇ ಪುಡ್ಡಿಂಗು ಅವರಿಗೆ, ಕಮ್ಮಿ ಮಾಡದವರಿಗಿಂತ ಹೆಚ್ಚು ಸಿಹಿ ಅನ್ನಿಸಿತು. ಆದರೆ ಎಷ್ಟು ಸಿಹಿ ಇಷ್ಟ ಅನ್ನುವುದು ಅಷ್ಟು ಬದಲಾಗಲಿಲ್ಲ. ಬೇಕಾದ್ದು ತಿನ್ನಿ ಅಂತ ಬಿಟ್ಟಾಗ ಅವರು ಹಳೆಯ ಅಳತೆಗೇ ಮರಳಿದರು. ಈ ಕೊನೆಯ ಮಾತು ನನಗೆ ಬಹಳ ಮುಖ್ಯ. ನಾಲಿಗೆ ಕಲಿತದ್ದನ್ನು ಮರೆಯಲೂಬಹುದು. ಹೋಳಿಗೆ ತಿಂದ ಮೇಲೆ ಕುಡಿದ ಚಹಾ ಸಪ್ಪೆ ಅನ್ನಿಸುವುದಿಲ್ಲವೇ, ಹಾಗೆ.

ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಇದನ್ನೆಲ್ಲ ಮಾಡಬಾರದು. ಮಧುನಾಶಿನಿಯನ್ನೂ ಸುಮ್ನೆ ತಿನ್ನಬಾರದು. ರಕ್ತದ ಸಕ್ಕರೆ ತೀರಾ ಇಳಿದು ಕೈ ನಡುಗಿ ಬೆವರುವಾಗ ಸಕ್ಕರೆಯೇ ಔಷಧಿ.

ಎಲ್ಲಕ್ಕಿಂತ ಕಷ್ಟದ್ದು ನೆಂಟರ ಮನೆ. "ಆಸ್ರಿಗೆ ಎಂತ ಅಡ್ಡಿಲ್ಲೆ?" ಅಂತ, ಅಂದರೆ ಕುಡಿಯಲು ಏನು ಕೊಡಲಿ ಅಂತ, ಕೇಳಿದ ಮೇಲೆ ಪ್ರೀತಿಯಿಂದ ಬಂದ ಲೋಟವನ್ನು ಬೇಡ ಅನ್ನುವುದು ಹೇಗೆ? ಈಗ ಅವರು ಕೇಳುವಾಗಲೇ "ಸಕ್ಕರೆ ಹಾಕದೆ ಮಜ್ಜಿಗೆ ಕೊಡಿ" ಅಂತ ಹೇಳುತ್ತೇನೆ. ಒಂದೆರಡು ಮನೆಯಲ್ಲಿ "ಒಂದ್ ಚೂರು ತಿಂದ್ರೆ ಎಂತೂ ಆಗ್ತಿಲ್ಲೆ" ಅಂದರು. ಮೂರನೇ ಸಲ ಹೋದಾಗ ಮಜ್ಜಿಗೆಯೇ ಬಂತು, ಕರಿಬೇವು, ಶುಂಠಿ ಹಾಕಿದ್ದು.

ಚಳಿಗಾಲದಲ್ಲಿ ಪಕ್ಕದ ಊರಿನ ಆಲೆಮನೆಗೆ ಹೋಗಿದ್ದೆ. ಗಾಣದ ಪಕ್ಕ ನಿಂತು ಕಬ್ಬಿನ ಹಾಲು ಕುಡಿದೆ. ಮೊದಲೆಲ್ಲ ಮೂರು ಲೋಟ ಇಳಿಯುತ್ತಿತ್ತು. ಈ ಸಲ ಅರ್ಧ ಲೋಟಕ್ಕೇ ಗಂಟಲು ಸಾಕು ಅಂತು. ಕೊಪ್ಪರಿಗೆಯಿಂದ ತೆಗೆದ ನೊರೆಬೆಲ್ಲವನ್ನು ಬಾಳೆಲೆಯ ಚೂರಿನ ಮೇಲೆ ಹಾಕಿಕೊಟ್ಟರು. ಬೆರಳ ತುದಿಯಲ್ಲಿ ಅದ್ದಿ ನೆಕ್ಕಿದೆ. ಹೊಗೆಯ ವಾಸನೆ, ಕಬ್ಬಿನ ಹಸಿ ವಾಸನೆ, ಕೊನೆಗೆ ಒಂದು ಎಳೆ ಉಪ್ಪು. ಇಷ್ಟು ವರ್ಷ ತಿಂದರೂ ಆ ಉಪ್ಪು ನನಗೆ ಸಿಕ್ಕಿರಲಿಲ್ಲ.