ಮೀಸೆಯ ಚುಕ್ಕಿ ಹಿಡಿದು ಸಿಂಹದ ಬೆನ್ನುಹತ್ತಿ

ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಕಟ್ಟಿ ಹುಲಿಗಳನ್ನು ಗುರುತಿಸಿದ ಕ್ರಮ ಕನ್ನಡದ ಅನೇಕ ಓದುಗರಿಗೆ ಗೊತ್ತು. ಒಂದು ಹುಲಿಯ ಪಕ್ಕೆಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲ. ಫೋಟೊ ಸಿಕ್ಕರೆ ಹುಲಿಯ ಗುರುತು ಸಿಕ್ಕಂತೆ. ಸಿಂಹದ ಮೈಮೇಲೆ ಬರೆದಿಟ್ಟಂಥದ್ದು ಏನೂ ಇಲ್ಲ. ಒಣಹುಲ್ಲಿನ ಬಣ್ಣದ ಐದು ಹೆಣ್ಣು ಸಿಂಹಗಳು ಮರದಡಿ ಮಲಗಿದ್ದರೆ ನೆನ್ನೆ ಕಂಡ ಐದೇ ಇವು ಎಂದು ಹೇಳುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಸಿಂಹಗಳ ಬಗ್ಗೆ ಬರೆದದ್ದರಲ್ಲಿ ಊಹೆಯೇ ಹೆಚ್ಚು.

ಉತ್ತರ ಮೂತಿಯ ಮೇಲಿತ್ತು. ಸಿಂಹದ ಮೂತಿಯ ಎರಡೂ ಬದಿಗೆ ಮೀಸೆಯ ಕೂದಲು ಸಾಲುಸಾಲಾಗಿ ಹುಟ್ಟುತ್ತದೆ. ಪ್ರತಿ ಕೂದಲಿನ ಬುಡದಲ್ಲಿ ಒಂದು ಕಪ್ಪು ಚುಕ್ಕಿ. ಇವುಗಳಲ್ಲಿ ಪೂರ್ಣವಾಗಿರುವ ಎಲ್ಲಕ್ಕಿಂತ ಮೇಲಿನ ಸಾಲನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಅದರ ಮೇಲೆ ಚದುರಿದಂತೆ ಕೆಲವೇ ಚುಕ್ಕಿಗಳಿರುತ್ತವೆ. ಅವು ಎಷ್ಟು, ಕೆಳಸಾಲಿನ ಎಷ್ಟನೆಯ ಚುಕ್ಕಿಯ ನೇರಕ್ಕಿವೆ ಎಂಬುದೇ ಆ ಸಿಂಹದ ಗುರುತು. ಎಡ ಬಲಗಳು ಬೇರೆ ಬೇರೆ, ಸಾಯುವವರೆಗೂ ಬದಲಾಗುವುದಿಲ್ಲ. 1970ರ ಹೊತ್ತಿಗೆ ಪೂರ್ವ ಆಫ್ರಿಕದಲ್ಲಿ ರೂಪುಗೊಂಡ ಈ ವಿಧಾನ ಇಂದಿಗೂ ಟಾಂಜಾನಿಯದ ಸೆರೆಂಗೆಟಿಯಿಂದ ಗುಜರಾತಿನ ಗಿರ್ ತನಕ ಬಳಕೆಯಲ್ಲಿದೆ.

ಕೇಳಲು ಸುಲಭ, ಮಾಡಲು ಕಷ್ಟ. ಫೋಟೊ ಮೂತಿಯ ಪಕ್ಕಕ್ಕೆ ನೇರವಾಗಿ ತೆಗೆದಿರಬೇಕು. ಓರೆಯಾದರೆ ಚುಕ್ಕಿಗಳು ಒಂದರ ನೇರಕ್ಕೊಂದು ಸರಿದಂತೆ ಕಾಣುತ್ತವೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಹಲ್ಲು ಕಿರಿದಿದ್ದರೆ ಸಾಲುಗಳೇ ಸೊಟ್ಟಗಾಗುತ್ತವೆ. ಬೇಟೆ ತಿಂದ ಮೂತಿಯಲ್ಲಿ ರಕ್ತ, ಮಲಗಿದ ಮೂತಿಯಲ್ಲಿ ನೊಣ. ಇದಕ್ಕಿಂತ ದೊಡ್ಡ ತಪ್ಪು ದಾಖಲೆಯಲ್ಲಿ ನಡೆಯುತ್ತದೆ: ಒಂದು ದಿನ ಎಡಬದಿ ಮಾತ್ರ, ಇನ್ನೊಂದು ದಿನ ಬಲಬದಿ ಮಾತ್ರ ಸಿಕ್ಕರೆ ಒಂದೇ ಸಿಂಹ ಎರಡು ಸಿಂಹವಾಗಿ ಪುಸ್ತಕ ಸೇರುತ್ತದೆ. ಹಾಗಾಗಿ ಎರಡೂ ಬದಿ ಸಿಗುವವರೆಗೆ ಹೊಸ ಹೆಸರು ಕೊಡಬಾರದು. ಕಿವಿಯ ಹರಕು, ಮುರಿದ ಕೋರೆ, ತುಂಡಾದ ಬಾಲ ಇವೆಲ್ಲ ಸಹಾಯಕ್ಕೆ ಬರುತ್ತವೆ, ಆದರೆ ಒಂದು ನಿಯಮದೊಂದಿಗೆ. ಹರಕು ಹೊಸದಾಗಿ ಬರಬಹುದು, ಇದ್ದದ್ದು ಹೋಗಲಾರದು. ಹಳೆಯ ಫೋಟೊದಲ್ಲಿ ಹರಿದಿದ್ದ ಕಿವಿ ಹೊಸದರಲ್ಲಿ ಸರಿಯಿದ್ದರೆ ಅದು ಬೇರೆಯೇ ಪ್ರಾಣಿ.

ವಯಸ್ಸಿಗೆ ಮೂಗು ನೋಡುತ್ತಾರೆ. ಮರಿಯ ಮೂಗು ಗುಲಾಬಿ. ವಯಸ್ಸಾದಂತೆ ಕಪ್ಪು ಚುಕ್ಕೆ ಹರಡುತ್ತದೆ. ಸೆರೆಂಗೆಟಿಯಲ್ಲಿ ಐದಾರು ವರ್ಷಕ್ಕೆ ಅರ್ಧದಷ್ಟು ಕಪ್ಪಾಗುತ್ತದೆ. ಪ್ರದೇಶದಿಂದ ಪ್ರದೇಶಕ್ಕೆ ಇದು ಹೆಚ್ಚುಕಡಿಮೆಯಾಗುವುದರಿಂದ ಹಲ್ಲು, ಕೇಸರ ಎರಡನ್ನೂ ಜೊತೆಗಿಟ್ಟು ನೋಡುವುದು ಕ್ಷೇಮ.

ಇನ್ನು ಹುಡುಕುವ ಕೆಲಸ. ದಕ್ಷಿಣ ಆಫ್ರಿಕದ ಸಾಬಿ ಸ್ಯಾಂಡ್ ಮೀಸಲು ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಅಂಟಿಕೊಂಡಿದೆ. ವಿಸ್ತಾರ ಸುಮಾರು 65,000 ಹೆಕ್ಟೇರ್. ಎರಡರ ನಡುವಿನ ಬೇಲಿಯನ್ನು 1993ರಲ್ಲಿ ತೆಗೆದ ಮೇಲೆ ಸಿಂಹಗಳು ಅತ್ತಿಂದಿತ್ತ ಅಡ್ಡಿಯಿಲ್ಲದೆ ಓಡಾಡುತ್ತವೆ. ಇಲ್ಲಿ ದಿನ ಶುರುವಾಗುವುದು ನಸುಕಿನ ಘರ್ಜನೆಯಿಂದ. ತಣ್ಣಗಿನ, ಗಾಳಿಯಿಲ್ಲದ ರಾತ್ರಿಯಲ್ಲಿ ಘರ್ಜನೆ ಎಂಟು ಕಿಲೋಮೀಟರ್ ದೂರಕ್ಕೂ ಕೇಳಬಹುದು. ಎರಡು ಕಡೆ ನಿಂತು ದಿಕ್ಸೂಚಿಯಿಂದ ದಿಕ್ಕು ಹಿಡಿದರೆ ಗೆರೆಗಳು ಕೂಡುವ ಜಾಗದ ಸುತ್ತಲಿನ ಮರಳುದಾರಿಗಳಿಂದ ಹುಡುಕಾಟ ಆರಂಭಿಸಬಹುದು.

ಅಲ್ಲಿನ ಶಾಂಗಾನ್ ಸಮುದಾಯದ ಜಾಡುಗಾರರ ಕಣ್ಣಿಗೆ ಆ ದಾರಿಯೇ ರಾತ್ರಿಯ ವರದಿ. ಸಿಂಹದ ಹೆಜ್ಜೆಯಲ್ಲಿ ಉಗುರಿನ ಗುರುತು ಇರುವುದಿಲ್ಲ, ಕತ್ತೆಕಿರುಬನದರಲ್ಲಿ ಇರುತ್ತದೆ. ಅಂಗಾಲಿನ ಮೆತ್ತೆಯ ಹಿಂಬದಿಗೆ ಮೂರು ಉಬ್ಬು. ಮುಂಗಾಲಿನ ಗುರುತು ಹಿಂಗಾಲಿನದಕ್ಕಿಂತ ದೊಡ್ಡದು. ದೊಡ್ಡ ಗಂಡಿನ ಮುಂಗಾಲು ಹದಿಮೂರು ಸೆಂಟಿಮೀಟರಿನ ಆಸುಪಾಸು. ಹೆಜ್ಜೆ ನೆನ್ನೆ ಸಂಜೆಯ ಜೀಪಿನ ಚಕ್ರದ ಗುರುತಿನ ಮೇಲಿದ್ದರೆ ಜೀಪು ಹೋದ ಮೇಲಿನದು. ರಾತ್ರಿಯ ಹುಳುಗಳ ಸಣ್ಣ ಜಾಡು ಹೆಜ್ಜೆಯನ್ನು ದಾಟಿದ್ದರೆ ಮಧ್ಯರಾತ್ರಿಗೂ ಮುಂಚಿನದಿರಬಹುದು. ಎಲೆಯಿಂದ ತೊಟ್ಟಿಕ್ಕಿದ ಇಬ್ಬನಿಯ ಗುಳಿಯನ್ನೇ ಹೆಜ್ಜೆ ತುಳಿದಿದ್ದರೆ ಪ್ರಾಣಿ ಹತ್ತಿರದಲ್ಲೇ ಇದೆ. ಇಂಪಾಲಾ ಜಿಂಕೆಗಳ ಸೀನಿನಂಥ ಎಚ್ಚರಿಕೆ, ಕೂಡು ಜಿಂಕೆಯ ಬೊಗಳು, ಜಿರಾಫೆ ಒಂದೇ ಕಡೆ ನೆಟ್ಟ ನೋಟ, ಇವೆಲ್ಲ ಮುಂದಿನ ಸುಳಿವು. ರಣಹದ್ದುಗಳು ಇಳಿಯದೆ ಮರದ ಮೇಲೆಯೇ ಕೂತಿದ್ದರೆ ಕೆಳಗೆ ಹೆಣದ ಮೇಲೆ ಯಾರೋ ಇದ್ದಾರೆ ಎಂದೇ ತಿಳಿಯಬೇಕು.

ಸಿಕ್ಕ ಮೇಲೆ ನಡವಳಿಕೆ ಬಿಗಿಯಾಗಿರಬೇಕು. ವಾಹನಕ್ಕೆ ಒಗ್ಗಿದ ಸಿಂಹ ಜೀಪು ಮತ್ತು ಅದರೊಳಗಿನ ಜನರನ್ನು ಸೇರಿಸಿ ಒಂದೇ ಆಕಾರವಾಗಿ ನೋಡುತ್ತದೆ. ಒಬ್ಬರು ಎದ್ದು ನಿಂತರೆ ಆ ಆಕಾರ ಒಡೆಯುತ್ತದೆ. ಬೇಟೆಯ ಹೊತ್ತಿಗೆ ಎಂಜಿನ್ ಆರಿಸಬೇಕು. ದೀಪವನ್ನು ಜಿಂಕೆಗಳ ಕಣ್ಣಿಗೆ ಹಾಯಿಸಿದರೆ ಅವು ಕುರುಡಾಗಿ ನಿಂತು ಬೇಟೆಯ ಫಲಿತಾಂಶವೇ ಬದಲಾಗುತ್ತದೆ. ಹಾಲೂಡುವ ತಾಯಿಯ ಹಿಂದೆ ಪೊದೆಯವರೆಗೆ ಹೋಗುವುದಂತೂ ಅಕ್ಷಮ್ಯ. ಹೆತ್ತ ಮೇಲೆ ಆರೆಂಟು ವಾರ ಅವಳು ಮರಿಗಳನ್ನು ಹಿಂಡಿನಿಂದಲೂ ಬಚ್ಚಿಡುತ್ತಾಳೆ. ಹಿಂದೆ ಬಿದ್ದ ವಾಹನ ಕಿರುಬಗಳಿಗೆ ದಾರಿ ತೋರಿಸಿದರೆ ಆ ಮರಿಗಳ ಗತಿ ಮುಗಿದಂತೆ. ಪ್ರತಿ ಸಲ ಬರೆಯಬೇಕಾದದ್ದು: ಸಮಯ, ಜಿಪಿಎಸ್ ಸ್ಥಾನ, ಯಾರ್‍ಯಾರು, ಹೊಟ್ಟೆ ಎಷ್ಟು ತುಂಬಿದೆ, ಹೊಸ ಗಾಯ, ಮೊಲೆಯ ಸುತ್ತ ಒದ್ದೆ ಕೂದಲು ಇದೆಯೇ, ಯಾವ ಗಂಡು ಯಾವ ಹೆಣ್ಣಿನ ಬೆನ್ನು ಬಿಡುತ್ತಿಲ್ಲ.

ಯಾರ್‍ಯಾರು ಎಂಬುದು ಇಷ್ಟು ಮುಖ್ಯವಾಗಲು ಕಾರಣ, ಸಿಂಹದ ಹಿಂಡು ಇಡಿಯಾಗಿ ಒಟ್ಟಿಗೆ ಕಾಣಸಿಗುವುದು ಅಪರೂಪ. ಹನ್ನೆರಡು ಹೆಣ್ಣುಗಳಿರುವ ಹಿಂಡು ಇಂದು ನಾಲ್ಕಾಗಿ, ನಾಳೆ ಏಳಾಗಿ, ನಾಡಿದ್ದು ಒಂಟಿಯಾಗಿ ಸಿಗುತ್ತದೆ. ಮುಖ ಗೊತ್ತಿಲ್ಲದವರು ಒಂದೇ ಹಿಂಡನ್ನು ಮೂರು ಹಿಂಡೆಂದು ಎಣಿಸಿ ಬರುತ್ತಾರೆ. 1966ರಲ್ಲಿ ಜೀವಶಾಸ್ತ್ರಜ್ಞ ಜಾರ್ಜ್ ಶಾಲರ್ ಸೆರೆಂಗೆಟಿಯಲ್ಲಿ ಶುರುಮಾಡಿದ ಅಧ್ಯಯನವನ್ನು 1978ರಿಂದ ಕ್ರೇಗ್ ಪ್ಯಾಕರ್ ಮತ್ತು ಆ್ಯನ್ ಪ್ಯೂಸಿ ಮುಂದುವರಿಸಿದರು. ತಲೆಮಾರುಗಳ ಆ ದಾಖಲೆಯಿಂದ ತಿಳಿದದ್ದು ಇದು: ಹಿಂಡು ಎಂದರೆ ತಾಯಿ, ಮಗಳು, ಚಿಕ್ಕಮ್ಮ, ಅಕ್ಕತಂಗಿಯರ ತವರು. ನೆಲ ಅವರದ್ದು, ಹೆಣ್ಣು ಸಂತತಿಯಲ್ಲೇ ಉಳಿಯುವಂಥದ್ದು. ಗಂಡುಗಳು ಬಂದು ಹೋಗುವವರು. ಕಾಡಿನ ರಾಜ ಎಂಬ ನಮ್ಮ ರೂಢಿಯ ಮಾತಿಗೆ ಆ ದಾಖಲೆಯಲ್ಲಿ ಆಧಾರವಿಲ್ಲ.

ಗಂಡು ಮರಿಗಳು ಎರಡರಿಂದ ನಾಲ್ಕು ವರ್ಷದೊಳಗೆ ಹಿಂಡು ಬಿಡುತ್ತವೆ, ಇಲ್ಲವೇ ಹೊಸ ಗಂಡುಗಳು ಬಂದು ಅಟ್ಟುತ್ತವೆ. ಒಟ್ಟಿಗೆ ಬೆಳೆದ ಅಣ್ಣತಮ್ಮಂದಿರು ಒಂದು ಕೂಟವಾಗಿ ಅಲೆಯುತ್ತಾರೆ. ಬೇರೆಯವರ ಸರಹದ್ದಿನಲ್ಲಿರುವ ಅಲೆಮಾರಿಗಳು ಸಾಮಾನ್ಯವಾಗಿ ಘರ್ಜಿಸುವುದಿಲ್ಲ, ಹಾಗಾಗಿ ಹುಡುಕುವವರ ಕೈಗೂ ಸುಲಭಕ್ಕೆ ಸಿಗುವುದಿಲ್ಲ. ಒಂಟಿ ಗಂಡುಗಳು ದಾರಿಯಲ್ಲಿ ಸಿಕ್ಕ ಅಪರಿಚಿತನೊಂದಿಗೆ ಜೋಡಿಯಾಗುವುದುಂಟು. ಆದರೆ ಸೆರೆಂಗೆಟಿಯಲ್ಲಿ ನಾಲ್ಕು ಅಥವಾ ಹೆಚ್ಚು ಗಂಡುಗಳ ಕೂಟಗಳೆಲ್ಲ ರಕ್ತಸಂಬಂಧಿಗಳದ್ದೇ ಆಗಿದ್ದವು. 1991ರಲ್ಲಿ ಪ್ಯಾಕರ್ ತಂಡ ಪ್ರಕಟಿಸಿದ ಡಿಎನ್ಎ ಪರೀಕ್ಷೆಗಳು ಕಾರಣ ಹೇಳಿದವು: ಜೋಡಿಯಲ್ಲಿ ಮರಿಗಳ ಪಿತೃತ್ವ ಹೆಚ್ಚುಕಡಿಮೆ ಹಂಚಿಹೋಗುತ್ತದೆ, ದೊಡ್ಡ ಕೂಟದಲ್ಲಿ ಒಂದೆರಡು ಗಂಡುಗಳೇ ಹೆಚ್ಚಿನ ಮರಿಗಳಿಗೆ ಅಪ್ಪಂದಿರು, ಉಳಿದವಕ್ಕೆ ಬಹುತೇಕ ಏನೂ ಇಲ್ಲ. ತನಗೆ ಮರಿಯಾಗದಿದ್ದರೂ ಅಣ್ಣನ ಮರಿಯಲ್ಲಿ ತನ್ನ ರಕ್ತವಿದೆ ಎಂಬಲ್ಲಿ ಮಾತ್ರ ಆ ದುಡಿಮೆಗೆ ಅರ್ಥ.

ಕೂಟದ ಆಳ್ವಿಕೆ ಸಾಮಾನ್ಯವಾಗಿ ಎರಡು ಮೂರು ವರ್ಷ. ಬಸಿರು 110 ದಿನ. ಬೆಳೆಸುತ್ತಿರುವ ಮರಿಗಳಿದ್ದರೆ ತಾಯಿ ಮತ್ತೆ ಹೆರಲು ಸುಮಾರು ಎರಡು ವರ್ಷ. ಹೊಸದಾಗಿ ಬಂದ ಗಂಡಿಗೆ ಅಷ್ಟು ಸಮಯವೇ ಇಲ್ಲ. ಹಿಂದಿನವರ ಮರಿಗಳನ್ನು ಕೊಂದರೆ ತಾಯಂದಿರು ಬೇಗ ಬೆದೆಗೆ ಬರುತ್ತಾರೆ. ಸೆರೆಂಗೆಟಿಯಲ್ಲಿ ಮೊದಲ ವರ್ಷದ ಮರಿಸಾವಿನಲ್ಲಿ ಸುಮಾರು ಕಾಲು ಭಾಗ ಹೀಗೆ ಗಂಡುಗಳಿಂದಾದದ್ದು. ಇದನ್ನು ಕ್ರೌರ್ಯ ಎಂದು ಬದಿಗಿಟ್ಟರೆ ಸಿಂಹದ ಬದುಕಿನ ಅರ್ಧ ಅರ್ಥವಾಗುವುದಿಲ್ಲ. ತಾಯಂದಿರು ಒಟ್ಟಿಗೆ ಹೆತ್ತು ಮರಿಗಳನ್ನು ಒಟ್ಟಿಗೆ ಸಾಕುವುದು ಈ ಅಪಾಯಕ್ಕೆ ಎದುರಾಗಿ. ಧ್ವನಿವರ್ಧಕದಲ್ಲಿ ಅಪರಿಚಿತರ ಘರ್ಜನೆ ಕೇಳಿಸಿದ ಪ್ರಯೋಗಗಳಲ್ಲಿ, ಹೆಣ್ಣುಗಳು ತಮ್ಮ ಸಂಖ್ಯೆಯನ್ನೂ ಎದುರಾಳಿಗಳ ಸಂಖ್ಯೆಯನ್ನೂ ತೂಗಿ, ತಾವು ಹೆಚ್ಚಿದ್ದಾಗಲೇ ಧೈರ್ಯವಾಗಿ ಮುಂದೆ ಹೋದದ್ದು ಕಂಡುಬಂತು. ಹಿಂಡಿನ ಗಂಡುಗಳು ಸಂಖ್ಯೆ ಕಡಿಮೆಯಿದ್ದಾಗಲೂ ಹೋದವು. ಆಳ್ವಿಕೆ ಕಳೆದುಕೊಂಡರೆ ಅವಕ್ಕೆ ಇನ್ನೊಂದು ಅವಕಾಶ ಅಪರೂಪ.

ಸಾಬಿ ಸ್ಯಾಂಡಿನ ಮಪೋಗೋ ಕೂಟ ಇದರ ಹೆಸರಾಂತ ಉದಾಹರಣೆ. ಆರು ಗಂಡುಗಳು 2006ರ ಹೊತ್ತಿಗೆ ಪಶ್ಚಿಮ ಭಾಗಕ್ಕೆ ನುಗ್ಗಿ ಎದುರಾದ ಗಂಡು, ಹೆಣ್ಣು, ಮರಿಗಳನ್ನು ಕೊಂದು ಹರಡಿದವು. ಅವು ಕೊಂದ ಸಿಂಹಗಳ ಲೆಕ್ಕ ಎಂದು ದೊಡ್ಡ ದೊಡ್ಡ ಸಂಖ್ಯೆಗಳು ಓಡಾಡುತ್ತವೆ. ಯಾವ ಸಿಂಹ, ಯಾವ ದಿನ, ಯಾರು ಕಂಡದ್ದು ಎಂಬ ದಾಖಲೆಯಿಲ್ಲದ ಸಂಖ್ಯೆಯನ್ನು ನಂಬಬಾರದು. ಖಾಸಗಿ ಜಮೀನುಗಳಾಗಿ ಹಂಚಿಹೋದ ಮೀಸಲಿನಲ್ಲಿ ಒಂದು ಕಡೆಯ ಜೀಪು ಇನ್ನೊಂದು ಕಡೆಗೆ ಹೋಗುವಂತಿಲ್ಲದ್ದರಿಂದ ದಾಖಲೆ ಗಡಿಯಲ್ಲೇ ತುಂಡಾಗುತ್ತದೆ. ಈ ಕೂಟದ ಒಂದು ಗಂಡಿಗೆ ಮಿಸ್ಟರ್ ಟಿ ಎಂದೂ ಸೇಟನ್ ಎಂದೂ ಎರಡು ಹೆಸರು. ಮೂತಿಯ ಚುಕ್ಕಿ ನೋಡದೆ ಹೆಸರು ಮಾತ್ರ ಕೂಡಿಸಿದರೆ ಆರು ಏಳಾಗುತ್ತದೆ. ಕೂಟ ಮುರಿದು ಮಿಸ್ಟರ್ ಟಿ ಮತ್ತು ಕಿಂಕಿ ಟೇಲ್ ಬೇರೆಯಾದ ಮೇಲೆ ಲೆಕ್ಕ ತಿರುಗಿತು. 2010ರಲ್ಲಿ ಕಿಂಕಿ ಟೇಲ್ ಮಜಿಂಗಿಲಾನೆ ಎಂಬ ಎದುರಾಳಿ ಕೂಟದ ಗಂಡುಗಳಿಗೆ ಬಲಿಯಾದ. ಹಳೆಯ ಗುಂಪಿಗೆ ಮರಳಿದ ಮಿಸ್ಟರ್ ಟಿಯನ್ನು 2012ರಲ್ಲಿ ಸೆಲಾಟಿ ಕೂಟ ಕೊಂದಿತು. ಆರು ಇದ್ದಾಗ ತಡೆಯಲಾಗದ ಕೂಟ, ಸಂಖ್ಯೆ ಇಳಿದು ವಯಸ್ಸು ಏರಿದಾಗ ನಿಲ್ಲಲಿಲ್ಲ.

ಕುತ್ತಿಗೆಗೆ ಕಟ್ಟಿ, ಸಂಕೇತದಿಂದ ಪ್ರಾಣಿಯ ಜಾಗ ತಿಳಿಯುವ ರೇಡಿಯೊ ಪಟ್ಟಿ ಈ ಕೆಲಸವನ್ನು ಹಗುರ ಮಾಡುತ್ತದೆ, ಆದರೆ ಮುಖ ಗುರುತಿಸುವ ಕೆಲಸವನ್ನು ತಪ್ಪಿಸುವುದಿಲ್ಲ. ಸೆರೆಂಗೆಟಿಯ ರೂಢಿಯಂತೆ ಹಿಂಡಿಗೆ ಒಂದು ಹೆಣ್ಣಿಗೆ ಪಟ್ಟಿ ಕಟ್ಟಿದರೆ ಉಳಿದವರನ್ನು ಅವಳ ಸುತ್ತ ಹುಡುಕಬಹುದು. ಅರಿವಳಿಕೆಯ ಚುಚ್ಚುಮದ್ದು ಕೊಟ್ಟ ಮೇಲೆ ಕಣ್ಣಿಗೆ ಬಟ್ಟೆ ಮುಚ್ಚಿ, ಉಸಿರು, ಮೈಬಿಸಿ ನೋಡುತ್ತಿರಬೇಕು. ಮಿಕ್ಕ ಸಿಂಹಗಳು ಹತ್ತಿರ ಬರದಂತೆ ಇನ್ನೊಂದು ವಾಹನ ಅಡ್ಡ ನಿಲ್ಲಬೇಕು. ಬೆಳೆಯುತ್ತಿರುವ ಗಂಡಿಗೆ ಕಟ್ಟಬಾರದು: ಕುತ್ತಿಗೆ ದಪ್ಪವಾದಂತೆ ಪಟ್ಟಿ ಬಿಗಿದು ಚರ್ಮಕ್ಕೆ ಇಳಿಯುತ್ತದೆ, ಮೇಲಿಂದ ಕೇಸರ ಮುಚ್ಚುವುದರಿಂದ ಗಾಯ ಕಾಣುವುದೂ ಇಲ್ಲ.

ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದಲ್ಲಿ 1999ರಿಂದ 2004ರವರೆಗೆ ಆಕ್ಸ್‌ಫರ್ಡ್ ಸಂಶೋಧಕರು ಗುರುತು ಹಾಕಿದ 62 ಸಿಂಹಗಳಲ್ಲಿ 34 ಸತ್ತವು. ಅವುಗಳಲ್ಲಿ 24 ಶಿಕಾರಿಗಳ ಗುಂಡಿಗೆ. ಉದ್ಯಾನದ ಅಂಚಿನ ಜಾಗಕ್ಕೆ ಒಡೆಯನಾದ ಗಂಡು ಸಿಂಹ ಗುಂಡಿಗೆ ಬಿದ್ದರೆ ಜಾಗ ಖಾಲಿ, ಒಳಗಿನ ಗಂಡು ಅಲ್ಲಿಗೆ ಸರಿಯುತ್ತದೆ, ಅಂಚಿಗೆ ಬಂದದ್ದೂ ಗುಂಡಿಗೆ ಸಿಗುತ್ತದೆ. ಪ್ರತಿ ಬದಲಾವಣೆಯೂ ಮರಿಗಳ ಜೀವಕ್ಕೆ ಬರುತ್ತದೆ. ಶಿಕಾರಿಯ ಲೆಕ್ಕದಲ್ಲಿ ಸತ್ತದ್ದು ಒಂದು ಗಂಡು ಮಾತ್ರ. ಮರಿಗಳು ಗುರುತಿನ ಪುಸ್ತಕದಲ್ಲಿ ಮಾತ್ರ ಕಾಣುತ್ತವೆ. 1994ರಲ್ಲಿ ನಾಯಿಗಳ ಡಿಸ್ಟೆಂಪರ್ ರೋಗ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ತಿಂದುಹಾಕಿದ್ದು ಅಷ್ಟು ಖಚಿತವಾಗಿ ತಿಳಿದದ್ದೂ ಹಿಂಡುಹಿಂಡಿನಲ್ಲಿ ಯಾರು ಕಾಣೆಯಾದರು ಎಂಬುದು ಬರೆದಿದ್ದರಿಂದ.

2018ರಲ್ಲಿ ಅದೇ ವೈರಸ್ ಗಿರ್‌ಗೂ ಬಂತು. 2025ರ ಗಣತಿಯಲ್ಲಿ ಗುಜರಾತಿನ ಸಿಂಹಗಳು 891. ಅಲ್ಲಿನ ಸಂಸಾರದ ಕಟ್ಟು ಆಫ್ರಿಕದ್ದಲ್ಲ. ಗಂಡುಗಳು ಹೆಣ್ಣುಗಳೊಂದಿಗೆ ಬಾಳುವುದಿಲ್ಲ. ಎರಡು ಮೂರರ ಕೂಟಗಳು ಹಲವು ಹೆಣ್ಣುಗುಂಪುಗಳ ಜಾಗದ ಮೇಲೆ ಹಾಸಿಕೊಂಡಿವೆ, ಬೆದೆಗೋ ದೊಡ್ಡ ಬೇಟೆಗೋ ಮಾತ್ರ ಕೂಡುತ್ತವೆ. ಸಂಶೋಧಕರಾದ ಯಾದವೇಂದ್ರದೇವ್ ಝಾಲಾ ಮತ್ತು ಸ್ತೋತ್ರ ಚಕ್ರಬರ್ತಿ ಮೂತಿಯ ಗುರುತು ಹಿಡಿದು ಬೆನ್ನುಹತ್ತಿದಾಗ, ಕೂಟದೊಳಗೆ ಮೇಲುಗೈಯಾದ ಗಂಡಿಗೆ ಕೂಡುವ ಅವಕಾಶದಲ್ಲಿ 70%ಗೂ ಹೆಚ್ಚು ಪಾಲು ಸಿಗುವುದು ಕಂಡಿತು. ಹೆಣ್ಣುಗಳು ಅಕ್ಕಪಕ್ಕದ ಬೇರೆ ಬೇರೆ ಕೂಟಗಳ ಗಂಡುಗಳೊಂದಿಗೆ ಕೂಡುತ್ತವೆ. ಮರಿ ತನ್ನದಿರಬಹುದು ಎಂಬ ಸಂಶಯ ಪ್ರತಿ ಗಂಡಿಗೂ ಉಳಿದರೆ ಅದು ಅವುಗಳ ಕೈಯಲ್ಲಿ ಸಾಯುವ ಸಾಧ್ಯತೆ ಕಡಿಮೆ.