ಗೆಲುವು ಬೇಡದ ಮಾಲೀಕನ ಕೈಕೆಳಗೆ

ಆಟಗಾರರ ಮನಸ್ಸಿನ ಆರೈಕೆ ನನ್ನ ವೃತ್ತಿ. ನನ್ನ ಕೋಣೆಗೆ ಬಂದು ಕುಳಿತವರು ಮೊದಲು ಹೇಳುವುದು ನಿದ್ದೆಯ ವಿಷಯ, ಇಲ್ಲವೇ ಮಾಸದ ಗಾಯದ ವಿಷಯ. ಅಸಲು ಮಾತು ಮೂರನೆಯ ಅಥವಾ ನಾಲ್ಕನೆಯ ಭೇಟಿಯಲ್ಲಿ ಬರುತ್ತದೆ. ಕಳೆದ ವರ್ಷ ಒಬ್ಬ ಕಬಡ್ಡಿ ಆಟಗಾರ ಹಾಗೆ ತಡವಾಗಿ ಬಾಯಿಬಿಟ್ಟ: “ಸರ್, ನಾವು ಗೆದ್ದರೂ ಸೋತರೂ ನಮ್ಮ ಮಾಲೀಕರಿಗೆ ಅಷ್ಟೇ. ಅದು ತಿಳಿದ ದಿನದಿಂದ ರೈಡ್‌ಗೆ ಹೋಗುವಾಗ ಕಾಲು ಭಾರವಾಗುತ್ತದೆ.”

ಅವನಿಗೆ ನಾನು ಅಮೆರಿಕದ ಓಕ್ಲೆಂಡ್ ನಗರದ ಬೇಸ್‌ಬಾಲ್ ತಂಡದ ಕಥೆ ಹೇಳಿದೆ. ಅವನು ಬೇಸ್‌ಬಾಲನ್ನು ಟಿವಿಯಲ್ಲೂ ನೋಡಿದವನಲ್ಲ. ಆದರೂ ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ತಲೆಯಾಡಿಸತೊಡಗಿದ್ದ.

2006ರಿಂದ ಎಂಟು ವರ್ಷ ನಮ್ಮ ಸಂಸಾರ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿತ್ತು. ಕನ್ನಡದ ಮನೆಗಳಿಗೆ ಅಲ್ಲಿ ಬರವಿಲ್ಲ. ಶನಿವಾರ ಬಾರ್ಟ್ ರೈಲು ಹತ್ತಿ ಕೊಲಿಸಿಯಂ ನಿಲ್ದಾಣದಲ್ಲಿ ಇಳಿದು, ಉದ್ದನೆಯ ಕಾಲ್ಸೇತುವೆ ದಾಟಿದರೆ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡದ ಮೈದಾನ. ಕಾಂಕ್ರೀಟಿನ ಬೋಳು ಕಟ್ಟಡ, ಅಂದಚಂದವಿಲ್ಲ, ಆಗಾಗ ಒಳಚರಂಡಿ ಉಕ್ಕುವ ಶೌಚಾಲಯಗಳು. ಆದರೆ ಬಲಬದಿಯ ಅಗ್ಗದ ಬೆಂಚುಗಳಲ್ಲಿ ಡ್ರಮ್ಮು, ಬಾವುಟಗಳೊಂದಿಗೆ ಒಂದು ಗುಂಪು ಸದಾ ಇರುತ್ತಿತ್ತು. ತಂಡ ಎಂಟು ರನ್ ಹಿಂದಿದ್ದರೂ ಆ ಡ್ರಮ್ಮು ನಿಲ್ಲುತ್ತಿರಲಿಲ್ಲ. ನಾನು ಬೇಸ್‌ಬಾಲ್ ಕಲಿತದ್ದು ಆ ಸದ್ದಿನಲ್ಲಿ.

ಸೋಲಿನಿಂದ ಅಭಿಮಾನಿ ದೂರವಾಗುತ್ತಾನೆ ಎಂಬ ಮಾತನ್ನು ನಾನು ಅಂದಿನಿಂದಲೂ ನಂಬಿಲ್ಲ. ನಾವು ಬೆಂಗಳೂರಿನವರು ನಂಬಲೂಬಾರದು. ಆರ್‌ಸಿಬಿಯ ಪುರುಷರ ತಂಡ 2008ರಿಂದ 2024ರವರೆಗೆ ಒಂದು ಸಲವೂ ಐಪಿಎಲ್ ಕಪ್ ಗೆಲ್ಲಲಿಲ್ಲ. ಆದರೂ ಊರಿನಲ್ಲಿ ಪಂದ್ಯವಿದ್ದಾಗ ಚಿನ್ನಸ್ವಾಮಿ ಕ್ರೀಡಾಂಗಣ ತುಂಬುತ್ತಲೇ ಇತ್ತು. ತಮ್ಮ ಜೊತೆ ಮೈದಾನದೊಳಗಿನವರೂ ಮೇಲೆ ಕುಳಿತ ಮಾಲೀಕರೂ ಗೆಲುವಿಗಾಗಿ ಹಂಬಲಿಸುತ್ತಿದ್ದಾರೆ ಎಂಬ ನಂಬಿಕೆಯೊಂದಿದ್ದರೆ ಜನ ಎಷ್ಟು ಸೋಲನ್ನಾದರೂ ಹೊರುತ್ತಾರೆ. ಆ ನಂಬಿಕೆ ಹೋಯಿತೋ, ಗೆದ್ದ ತಂಡದ ಮೈದಾನವೂ ಖಾಲಿಯಾಗುತ್ತದೆ.

ಓಕ್ಲೆಂಡ್‌ನಲ್ಲಿ ಅದು ಆದದ್ದು ಎರಡು ಸಲ. ಮೊದಲ ಸಲದ ಮಾಲೀಕ ಚಾರ್ಲಿ ಫಿನ್ಲಿ. 1968ರಲ್ಲಿ ತಂಡವನ್ನು ಕಾನ್ಸಾಸ್ ಸಿಟಿಯಿಂದ ಅಲ್ಲಿಗೆ ತಂದವನು ಅವನೇ. ಜಿಪುಣ, ಮುಂಗೋಪಿ, ಎಲ್ಲದರಲ್ಲೂ ಮೂಗು ತೂರಿಸುವವನು. ಆದರೆ ಅವನ ತಂಡ 1972, 1973, 1974ರಲ್ಲಿ ಸತತ ಮೂರು ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಅಂತಿಮ ಸರಣಿ, ಗೆದ್ದಿತು.

1973ರ ಸರಣಿಯ ಒಂದು ಘಟನೆಯನ್ನು ನಾನು ತರಬೇತಿ ಶಿಬಿರಗಳಲ್ಲಿ ತಪ್ಪದೆ ಹೇಳುತ್ತೇನೆ. ನ್ಯೂಯಾರ್ಕ್ ಮೆಟ್ಸ್ ವಿರುದ್ಧದ ಎರಡನೆಯ ಪಂದ್ಯ, ಒಂಬತ್ತು ಇನ್ನಿಂಗ್ಸ್‌ಗೆ ಮುಗಿಯಬೇಕಿದ್ದದ್ದು, 12ನೆಯ ಇನ್ನಿಂಗ್ಸ್‌ಗೆ ಎಳೆಯಿತು. ಮೈಕ್ ಆಂಡ್ರ್ಯೂಸ್ ಎಂಬ ಆಟಗಾರ ಆ ಇನ್ನಿಂಗ್ಸ್‌ನಲ್ಲಿ ಫೀಲ್ಡಿಂಗ್‌ನಲ್ಲಿ ಎರಡು ತಪ್ಪು ಮಾಡಿದ, ಪಂದ್ಯ ಕೈತಪ್ಪಿತು. ಕೆರಳಿದ ಫಿನ್ಲಿ, ಭುಜಕ್ಕೆ ಗಾಯವಾಗಿದೆ, ಇನ್ನು ಆಡಲಾರೆ ಎಂಬ ಸುಳ್ಳು ಹೇಳಿಕೆಗೆ ಆಂಡ್ರ್ಯೂಸ್‌ನಿಂದ ಸಹಿ ಹಾಕಿಸಿದ. ಆತ ಬೇರೆ ದಾರಿ ಕಾಣದೆ ಸಹಿ ಹಾಕಿ ಮನೆಗೆ ಹೊರಟುಹೋದ. ಮುಂದಿನ ಅಭ್ಯಾಸಕ್ಕೆ ಇಳಿದ ಸಹಆಟಗಾರರು ತಮ್ಮ ತೋಳಿಗೆ ಟೇಪಿನಲ್ಲಿ ಬರೆದ 17 ಅನ್ನು ಅಂಟಿಸಿಕೊಂಡಿದ್ದರು. ಅದು ಆಂಡ್ರ್ಯೂಸ್‌ನ ಸಂಖ್ಯೆ. ಬೇಸ್‌ಬಾಲ್ ಆಯುಕ್ತರು ಆತನನ್ನು ತಂಡಕ್ಕೆ ಮರಳಿಸುವಂತೆ ಆದೇಶಿಸಿದರು. ನಾಲ್ಕನೆಯ ಪಂದ್ಯದಲ್ಲಿ ಆತ ಬ್ಯಾಟ್ ಹಿಡಿದು ಬಂದಾಗ ನ್ಯೂಯಾರ್ಕ್‌ನ ಪ್ರೇಕ್ಷಕರು, ಅಂದರೆ ಎದುರಾಳಿಯ ಅಭಿಮಾನಿಗಳು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಓಕ್ಲೆಂಡ್ ಏಳು ಪಂದ್ಯಗಳಲ್ಲಿ ಸರಣಿ ಗೆದ್ದಿತು. ಗೆದ್ದ ಬೆನ್ನಲ್ಲೇ ಮ್ಯಾನೇಜರ್, ಅಂದರೆ ಮುಖ್ಯ ತರಬೇತುದಾರ, ಡಿಕ್ ವಿಲಿಯಮ್ಸ್ ರಾಜೀನಾಮೆ ಕೊಟ್ಟರು. ಆಂಡ್ರ್ಯೂಸ್ ಮತ್ತೆಂದೂ ಮೇಜರ್ ಲೀಗ್‌ನಲ್ಲಿ ಆಡಲಿಲ್ಲ.

ಕೆಟ್ಟ ಮಾಲೀಕನಿದ್ದರೂ ತಂಡ ಗೆದ್ದಿತಲ್ಲ ಎಂದು ಶಿಬಿರದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನನ್ನ ಅನುಭವದಲ್ಲಿ ದಬ್ಬಾಳಿಕೆ ಆಟಗಾರರನ್ನು ಸ್ವಲ್ಪ ಕಾಲ ಒಗ್ಗೂಡಿಸುತ್ತದೆ. ಎದುರಿಗೊಬ್ಬ ಮನುಷ್ಯನಿದ್ದಾನೆ, ಅವನ ಮೇಲೆ ಸಿಟ್ಟಿದೆ, ಆ ಸಿಟ್ಟೇ ಹಗ್ಗ. ಅದರ ಮೇಲೆ, ಫಿನ್ಲಿಗೆ ಗೆಲ್ಲುವ ಹುಚ್ಚಿತ್ತು ಎಂಬುದನ್ನು ಅವನ ಶತ್ರುಗಳೂ ಅಲ್ಲಗಳೆಯಲಾರರು. ಆದರೆ ಆ ಹಗ್ಗ ಬಾಗಿಲು ಮುಚ್ಚಿರುವವರೆಗೆ ಮಾತ್ರ ಹಿಡಿದಿಡುತ್ತದೆ. ಒಪ್ಪಂದದ ಪ್ರಕಾರ ಕಟ್ಟಬೇಕಿದ್ದ 50,000 ಡಾಲರ್ ವಿಮಾ ಕಂತನ್ನು ಫಿನ್ಲಿ ಕಟ್ಟದ ಕಾರಣ, 1974ರ ಕೊನೆಗೆ ಪಂಚಾಯ್ತಿದಾರರು ಪಿಚರ್ (ಚೆಂಡೆಸೆಯುವ ಆಟಗಾರ) ಕ್ಯಾಟ್‌ಫಿಶ್ ಹಂಟರ್‌ನನ್ನು ಬಂಧಮುಕ್ತಗೊಳಿಸಿದರು. 1976ರಲ್ಲಿ ಉಳಿದವರಿಗೂ ಬೇರೆ ತಂಡ ಆರಿಸಿಕೊಳ್ಳುವ ಸ್ವಾತಂತ್ರ್ಯ ಸಿಕ್ಕಿತು. ಜೋ ರೂಡಿ, ರಾಲಿ ಫಿಂಗರ್ಸ್, ಸಾಲ್ ಬ್ಯಾಂಡೊ, ಬರ್ಟ್ ಕ್ಯಾಂಪನೆರಿಸ್, ಜೀನ್ ಟೆನೇಸ್ ಒಂದೇ ಚಳಿಗಾಲದಲ್ಲಿ ಹೊರಟುಹೋದರು. 1979ರಲ್ಲಿ ತಂಡ 108 ಪಂದ್ಯ ಸೋತಿತು. ಇಡೀ ವರ್ಷ ಬಂದ ಪ್ರೇಕ್ಷಕರು 3,06,763. ಏಪ್ರಿಲ್‌ನ ಒಂದು ಸಂಜೆ 653 ಜನರಿದ್ದರು. ನಮ್ಮ ಊರಿನ ಒಂದು ಮದುವೆಗೂ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ.

1980ರಲ್ಲಿ ಲೀವೈಸ್ ಜೀನ್ಸ್ ಕಂಪನಿಯ ಹಾಸ್ ಕುಟುಂಬ ತಂಡವನ್ನು ಕೊಂಡಿತು. ಊರಿನ ಶಾಲೆಗಳ ಕಡೆ, ಬಡಾವಣೆಗಳ ಕಡೆ ಹೋದರು, ಆಟಗಾರರಿಗೆ ಸಲ್ಲಬೇಕಾದ್ದನ್ನು ಕೊಟ್ಟರು. 1990ರಲ್ಲಿ ಪ್ರೇಕ್ಷಕರ ಸಂಖ್ಯೆ 29 ಲಕ್ಷ ಮುಟ್ಟಿತು. ಅದೇ ನಗರ, ಅದೇ ಕಾಂಕ್ರೀಟಿನ ಮೈದಾನ. ಓಕ್ಲೆಂಡ್‌ನ ಜನಕ್ಕೆ ಬೇಸ್‌ಬಾಲ್ ಬೇಕಿಲ್ಲ ಎಂದು ಮುಂದೆ ಯಾರು ಹೇಳಿದಾಗಲೂ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ ಎನ್ನುತ್ತೇನೆ.

ಎರಡನೆಯ ಸಲದ್ದು ನಾನು ಕಣ್ಣಾರೆ ಕಂಡದ್ದು, ಹಾಗಾಗಿ ನೋವೂ ಹೆಚ್ಚು. 2005ರಲ್ಲಿ ಲೂ ವುಲ್ಫ್ ಮತ್ತು ಜಾನ್ ಫಿಶರ್ 18 ಕೋಟಿ ಡಾಲರ್‌ಗೆ ತಂಡವನ್ನು ಕೊಂಡರು. ಫಿಶರ್, ಗ್ಯಾಪ್ ಬಟ್ಟೆ ಕಂಪನಿ ಕಟ್ಟಿದ ದಂಪತಿಯ ಮಗ. ನಾವು ಮನೆ ಮಾಡಿದ ವರ್ಷವೇ ತಂಡ ನಮ್ಮ ಫ್ರೀಮಾಂಟ್‌ಗೆ ಬರುತ್ತದೆ ಎಂಬ ಯೋಜನೆ ಪ್ರಕಟವಾಯಿತು. 2009ರಲ್ಲಿ ಅದನ್ನು ಕೈಬಿಟ್ಟರು. ಆಮೇಲೆ ಸ್ಯಾನ್ ಹೋಸೆ. ಆಮೇಲೆ ಓಕ್ಲೆಂಡ್‌ನ ಒಂದು ಕಾಲೇಜಿನ ಪಕ್ಕ. ಆಮೇಲೆ ಬಂದರಿನ ಹೊವರ್ಡ್ ಟರ್ಮಿನಲ್. ಕೊನೆಗೆ 2023ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್. ಹದಿನೇಳು ವರ್ಷ ಪ್ರತಿ ಆಟಗಾರನೂ ಪ್ರತಿ ಅಭಿಮಾನಿಯೂ ಗಂಟುಮೂಟೆ ಕಟ್ಟಿದ ಮನೆಯಲ್ಲಿ ವಾಸ ಮಾಡಿದಂತೆ.

ಬಡತನ ಬೇರೆ, ಜಿಪುಣತನ ಬೇರೆ. ಆಟಗಾರರನ್ನು ಆರಿಸುವ ಹೊಣೆ ಹೊತ್ತಿದ್ದ ಬಿಲ್ಲಿ ಬೀನ್ ಕಡಿಮೆ ದುಡ್ಡಿನಲ್ಲಿ ಜಾಣತನದಿಂದ ತಂಡ ಕಟ್ಟಿ 2002ರಲ್ಲಿ ಸತತ 20 ಪಂದ್ಯ ಗೆಲ್ಲಿಸಿದ ಕಾಲದಲ್ಲೂ ಅಥ್ಲೆಟಿಕ್ಸ್ ಬಡ ತಂಡವೇ. ಆಗ ಆಟಗಾರರಿಗೆ ಅದೊಂದು ಹೆಮ್ಮೆಯಾಗಿತ್ತು, ಕೈಯಲ್ಲಿರುವುದನ್ನೇ ಹಿಡಿದು ಗೆಲ್ಲಲು ಹೊರಟವರು ಎಂಬ ಹೆಮ್ಮೆ. 2018 ಮತ್ತು 2019ರಲ್ಲಿ ತಂಡ ತಲಾ 97 ಪಂದ್ಯ ಗೆದ್ದಿತು. 2019ರ ನಾಕೌಟ್ ಪಂದ್ಯಕ್ಕೆ 54,005 ಜನ ಬಂದಿದ್ದರು. ಆ ತಂಡವನ್ನು 2022ರ ಮಾರ್ಚ್‌ನಲ್ಲಿ ಬಿಚ್ಚಿಹಾಕಿದರು. ಕ್ರಿಸ್ ಬ್ಯಾಸಿಟ್, ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್ಮನ್ ಮೂವರನ್ನೂ ಒಂದೇ ವಾರದೊಳಗೆ ಬೇರೆ ಬೇರೆ ತಂಡಗಳಿಗೆ ಕಳಿಸಿದರು. ಅದೇ ವರ್ಷ ಸೀಸನ್ ಟಿಕೆಟ್ ದರ ಏರಿಸಿದರು. ಆ ವರ್ಷ 102 ಸೋಲು, ಮರುವರ್ಷ 112. ಆಟಗಾರರ ಒಟ್ಟು ಸಂಬಳದಲ್ಲಿ 2023ರ ಅಥ್ಲೆಟಿಕ್ಸ್ ಇಡೀ ಲೀಗ್‌ನ ಕೊನೆಯ ಸ್ಥಾನದಲ್ಲಿತ್ತು.

ಸೋತರೆ ಮಾಲೀಕನಿಗೂ ನಷ್ಟವಲ್ಲವೇ? ಅಮೆರಿಕದ ಲೀಗ್‌ಗಳ ಕಟ್ಟೋಣ ಹಾಗಿಲ್ಲ. ಯುರೋಪಿನ ಫುಟ್‌ಬಾಲ್‌ನಲ್ಲಿ ಕೊನೆಗೆ ಬಂದ ತಂಡ ಕೆಳದರ್ಜೆಗೆ ಇಳಿಯುತ್ತದೆ. ಮೇಜರ್ ಲೀಗ್‌ನಲ್ಲಿ ಆ ಭಯವೇ ಇಲ್ಲ. ರಾಷ್ಟ್ರೀಯ ಟಿವಿ ಹಕ್ಕಿನ ಹಣ 30 ತಂಡಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. ದೊಡ್ಡ ನಗರದ ತಂಡಗಳ ಆದಾಯದ ಒಂದು ಪಾಲು ಚಿಕ್ಕ ತಂಡಗಳಿಗೆ ಬರುತ್ತದೆ. 18 ಕೋಟಿಗೆ ಕೊಂಡ ತಂಡದ ಬೆಲೆ ಸೋಲುತ್ತಲೇ 100 ಕೋಟಿ ಡಾಲರ್ ದಾಟಿತು. ಇಂಥ ವ್ಯವಸ್ಥೆಯಲ್ಲಿ ಗೆಲುವು ಮಾಲೀಕನ ಇಷ್ಟಕ್ಕೆ ಬಿಟ್ಟ ವಿಷಯ. ಒಳ್ಳೆಯವನಾದರೆ ಹಾಸ್, ಇಲ್ಲವಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಇದು ಡ್ರೆಸ್ಸಿಂಗ್ ರೂಮಿಗೆ ಹೇಗೆ ಇಳಿಯುತ್ತದೆ? ಆಟಗಾರ ಒಂದು ದಿನ ಎದ್ದು ಇನ್ನು ಶ್ರಮಪಡುವುದಿಲ್ಲ ಎಂದು ನಿರ್ಧರಿಸುವುದಿಲ್ಲ. ಅವನ ಅಂಕಿಅಂಶ ಅವನ ಅನ್ನ. ಬ್ಯಾಟ್ ಹಿಡಿದಾಗ ಅವನು ಮೊದಲಿನಷ್ಟೇ ಹೋರಾಡುತ್ತಾನೆ. ಕರಗುವುದು ಅಂಕಿಗಳಲ್ಲಿ ಕಾಣದ ಕೆಲಸ. ಹಿರಿಯ ಪಿಚರ್ ಹೊಸ ಹುಡುಗನಿಗೆ ಅರ್ಧ ಗಂಟೆ ಹಿಡಿತ ಹೇಳಿಕೊಡುವುದು, ಬೇರೆಯವನ ಎಸೆತ ತಪ್ಪೀತೆಂದು ಹಿಂದೆ ಓಡಿ ನಿಲ್ಲುವುದು, ನೋವಿದೆ ಎಂದು ವೈದ್ಯರ ಬಳಿ ನಿಜ ಹೇಳುವುದು. ಇವೆಲ್ಲ ನಾಳೆ ನಾವು ಜೊತೆಗಿರುತ್ತೇವೆ ಎಂಬ ಭರವಸೆಯ ಮೇಲೆ ನಡೆಯುವಂಥವು. ನಾಳೆ ನೀನು ಅಟ್ಲಾಂಟಾದಲ್ಲಿ, ನಾನು ಟೊರಾಂಟೊದಲ್ಲಿ ಎಂದಾದರೆ ಯಾರು ಯಾರಿಗೆ ಕಲಿಸಬೇಕು? ಚೆನ್ನಾಗಿ ಆಡಿದವನೇ ಮೊದಲು ಮಾರಾಟವಾಗುವ ತಂಡದಲ್ಲಿ ಚೆನ್ನಾಗಿ ಆಡುವುದು ಊರು ಬಿಡುವ ಟಿಕೆಟ್ ಆಗಿಬಿಡುತ್ತದೆ.

ಮ್ಯಾನೇಜರನ ಪಾಡು ಇನ್ನೂ ಕಷ್ಟ. ಮೇಲಿನವರು ಹೇಳದ ವಿವರಣೆಯನ್ನು ಪ್ರತಿದಿನ ಪತ್ರಕರ್ತರಿಗೂ ಆಟಗಾರರಿಗೂ ಕೊಡಬೇಕಾದವನು ಅವನು. ನನ್ನ ಬಳಿ ಬಂದ ತರಬೇತುದಾರರಲ್ಲಿ ಮನಸ್ಸು ಕುಸಿದವರು ಬಹುಪಾಲು ಇದೇ ಜಾಗದಲ್ಲಿ ಸಿಕ್ಕಿಕೊಂಡವರು: ತಾನು ನಂಬದ ಮಾತನ್ನು ತನ್ನ ಹುಡುಗರಿಗೆ ಹೇಳಬೇಕಾದ ಜಾಗ.

ಆಟಗಾರರ ಮೌನವನ್ನು ಸಮಾಧಾನ ಎಂದು ತಿಳಿಯಬಾರದು. 2023ರಲ್ಲಿ ಅಥ್ಲೆಟಿಕ್ಸ್ ಪರ ಎಸೆದ ಟ್ರೆವರ್ ಮೇ ಆ ಋತುವಿನ ಆರಂಭದಲ್ಲಿ ಆತಂಕದ ತೊಂದರೆಯಿಂದ ಕೆಲವು ವಾರ ಹೊರಗುಳಿದಿದ್ದರು, ಅದನ್ನು ಮುಚ್ಚಿಡದೆ ಹೇಳಿಯೂ ಇದ್ದರು. ಋತು ಮುಗಿದು ನಿವೃತ್ತಿ ಘೋಷಿಸಿದ ದಿನ, ನೇರಪ್ರಸಾರದಲ್ಲೇ, ತಂಡವನ್ನು ಮಾರಿಬಿಡಿ ಎಂದು ಫಿಶರ್‌ಗೆ ಹೇಳಿದರು. ಅದನ್ನು ಹೇಳಲು ಅವರು ಸಮವಸ್ತ್ರ ಕಳಚುವವರೆಗೆ ಕಾಯಬೇಕಾಯಿತು.

ಅಭಿಮಾನಿಗಳಿಗೆ ಆ ಕಟ್ಟುಪಾಡು ಇರಲಿಲ್ಲ. ಆದರೆ ಅವರ ಸಂಕಟ ಬೇರೆ. ಮೈದಾನಕ್ಕೆ ಹೋದರೆ ಮಾಲೀಕನ ಜೇಬು ತುಂಬುತ್ತದೆ, ಹೋಗದಿದ್ದರೆ ನೋಡಿ, ಊರಿಗೆ ತಂಡ ಬೇಕಿಲ್ಲ ಎಂಬ ಅವನ ವಾದಕ್ಕೆ ಸಾಕ್ಷಿಯಾಗುತ್ತದೆ. ಈ ಇಕ್ಕಳದಿಂದ ಬಿಡಿಸಿಕೊಳ್ಳಲು ಅವರು ಕಂಡುಕೊಂಡ ದಾರಿಯನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಬಹಿಷ್ಕಾರವನ್ನು ತಿರುಗಿಸಿ ಹಾಕಿದರು. 2023ರ ಜೂನ್ 13ರ ಮಂಗಳವಾರ ಎಲ್ಲರೂ ಬನ್ನಿ ಎಂದು ಕರೆಕೊಟ್ಟರು. ಅಂದು 27,759 ಜನ ಬಂದರು. ಸಾವಿರಾರು ಜನರ ಮೈಮೇಲೆ ‘ಮಾರು’ ಎಂಬ ಒಂದೇ ಪದದ ಹಸಿರು ಅಂಗಿ. ಐದನೆಯ ಇನ್ನಿಂಗ್ಸ್ ಆರಂಭವಾದಾಗ ಇಡೀ ಮೈದಾನ ಮೌನವಾಗಿ ಎದ್ದು ನಿಂತಿತು, ಮರುಕ್ಷಣ ತಂಡ ಮಾರು ಎಂಬ ಕೂಗು ಎದ್ದಿತು.

ಒಂದು ವಾರದ ಹಿಂದಿನವರೆಗೆ 62ರಲ್ಲಿ 12 ಪಂದ್ಯ ಮಾತ್ರ ಗೆದ್ದಿದ್ದ ತಂಡ, ಅಂದು ಬಲಿಷ್ಠ ಟ್ಯಾಂಪಾ ಬೇ ರೇಸ್ ತಂಡವನ್ನು 2–1ರಿಂದ ಸೋಲಿಸಿ ಸತತ ಏಳನೆಯ ಗೆಲುವು ಪಡೆಯಿತು. ಆ ಏಳನ್ನೂ ಜನರ ಸದ್ದಿಗೆ ಕಟ್ಟಲು ಬರುವುದಿಲ್ಲ, ಆರು ಅದಕ್ಕೂ ಮೊದಲೇ ಬಂದಿದ್ದವು. ಆದರೆ ಕೂಗು ಮಾಲೀಕನ ವಿರುದ್ಧ, ಚಪ್ಪಾಳೆ ತಮಗಾಗಿ ಎಂಬುದು ಆ ಹುಡುಗರಿಗೆ ಅಂದು ಗೊತ್ತಾಯಿತು. ಅಭಿಮಾನಿ ಈ ಎರಡನ್ನೂ ಬೇರ್ಪಡಿಸಿ ನೋಡುತ್ತಾನೆ ಎಂಬುದು ಆಡುವವನಿಗೆ ದೊಡ್ಡ ಔಷಧ. ಅದೇ ವಾರ ನೆವಾಡಾ ರಾಜ್ಯ ಹೊಸ ಮೈದಾನಕ್ಕೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡುವ ಕಾನೂನಿಗೆ ಒಪ್ಪಿಗೆ ಕೊಟ್ಟಿತು. ನವೆಂಬರ್‌ನಲ್ಲಿ ಲೀಗ್‌ನ 30 ಮಾಲೀಕರೂ ಸ್ಥಳಾಂತರಕ್ಕೆ ಮತ ಹಾಕಿದರು. ಒಬ್ಬರೂ ಬೇಡ ಎನ್ನಲಿಲ್ಲ.

2024ರ ಸೆಪ್ಟೆಂಬರ್ 26ರ ಕೊನೆಯ ಪಂದ್ಯಕ್ಕೆ 46,889 ಜನ ಬಂದರು. ಟೆಕ್ಸಸ್ ರೇಂಜರ್ಸ್ ವಿರುದ್ಧ 3–2ರ ಗೆಲುವು. ಮುಗಿದ ಮೇಲೆ ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕ್ ಹಿಡಿದು, ಕೊನೆಯ ಸಲ ಓಕ್ಲೆಂಡ್‌ನ ಹೆಸರು ಕೂಗೋಣ ಎಂದು ಕೇಳಿಕೊಂಡರು. ನಾನು ಬೆಂಗಳೂರಿನಲ್ಲಿ ನಸುಕಿನಲ್ಲಿ ಎದ್ದು ಅದನ್ನು ನೋಡಿದೆ. ತಾನಾಗಿ ಹಾಳಾಗದ ಮನೆಯೊಂದನ್ನು ಬೀಳಿಸುವುದನ್ನು ನೋಡಿದಂತಿತ್ತು.

ತಂಡ ಈಗ ಊರಿನ ಹೆಸರಿಲ್ಲದೆ ಬರಿಯ ಅಥ್ಲೆಟಿಕ್ಸ್. ವೇಗಸ್ ಮೈದಾನ 2028ಕ್ಕೆ ಸಿದ್ಧವಾಗುವವರೆಗೆ ಸ್ಯಾಕ್ರಮೆಂಟೊ ಪಕ್ಕದ, ಸುಮಾರು 14,000 ಜನ ಹಿಡಿಸುವ, ಕೆಳದರ್ಜೆಯ ಮೈನರ್ ಲೀಗ್ ಮೈದಾನದಲ್ಲಿ ಆಡುತ್ತಿದೆ. ಈಗ ದುಡ್ಡು ಬಿಚ್ಚಿದ್ದಾರೆ ಎಂಬುದನ್ನೂ ಹೇಳಬೇಕು: ಪಿಚರ್ ಲೂಯಿಸ್ ಸೆವೆರಿನೊಗೆ ಮೂರು ವರ್ಷಕ್ಕೆ 6.7 ಕೋಟಿ ಡಾಲರ್, ಅಲ್ಲಿಯವರೆಗಿನ ತಂಡದ ಇತಿಹಾಸದಲ್ಲೇ ದೊಡ್ಡ ಒಪ್ಪಂದ. ಅದೇ ಸೆವೆರಿನೊ 2025ರಲ್ಲಿ, ಇಲ್ಲಿ ಆಡುವುದು ತಮ್ಮ ಮನೆಯಂಗಳದಲ್ಲಿ ಆಡಿದಂತೆ ಅನಿಸುವುದಿಲ್ಲ ಎಂದು ಬಹಿರಂಗವಾಗಿ ಹೇಳಿಕೊಂಡರು. ಡ್ರೆಸ್ಸಿಂಗ್ ರೂಮ್ ಮೈದಾನದ ಆಚೆ ತುದಿಯಲ್ಲಿದೆ, ಇನ್ನಿಂಗ್ಸ್‌ಗಳ ನಡುವೆ ಪಿಚರ್ ಒಳಗೆ ಹೋಗಿ ಬರಲಾರ. ಕೇಳಲು ಚಿಕ್ಕ ವಿಷಯ. ಆದರೆ ವರ್ಷಕ್ಕೆ 81 ಪಂದ್ಯ ಮನೆಯಲ್ಲಿ ಆಡುವವನಿಗೆ ಆ ಮನೆ ಬಾಡಿಗೆಯದು ಎಂದು ದಿನವೂ ನೆನಪಿಸುವ ವಿಷಯ.

ಓಕ್ಲೆಂಡ್‌ನಲ್ಲಿ ಉಳಿದವರು ಬಾಲರ್ಸ್ ಎಂಬ ಪುಟ್ಟ ಸ್ವತಂತ್ರ ತಂಡದ ಬೆನ್ನಿಗೆ ನಿಂತರು. ಸಾವಿರಾರು ಅಭಿಮಾನಿಗಳು ಅದರಲ್ಲಿ ಪಾಲು ಕೊಂಡಿದ್ದಾರೆ. ಪಶ್ಚಿಮ ಓಕ್ಲೆಂಡ್‌ನ ರೈಮಾಂಡಿ ಪಾರ್ಕಿನಲ್ಲಿ ಆಡುವ ಆ ತಂಡ 2025ರಲ್ಲಿ ಪಯೋನಿಯರ್ ಲೀಗ್ ಗೆದ್ದಿತು. ಫ್ರೀಮಾಂಟ್‌ನಲ್ಲಿರುವ ನನ್ನ ಗೆಳೆಯ, ಹಾಸನದವನು, ಈಗ ಮಗಳನ್ನು ಅಲ್ಲಿಗೇ ಕರೆದೊಯ್ಯುತ್ತಾನೆ. ಅಥ್ಲೆಟಿಕ್ಸ್ ಟೋಪಿಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೇರಿಸಿದ್ದೇನೆ, ಇನ್ನು ಆ ತಂಡದ ಸ್ಕೋರ್ ಸಹ ನೋಡುವುದಿಲ್ಲ ಎಂದು ನನಗೆ ಹೇಳಿದ್ದ.

2025ರ ಜುಲೈ 25ರಂದು ಅಥ್ಲೆಟಿಕ್ಸ್‌ನ ಹೊಸ ಹುಡುಗ ನಿಕ್ ಕರ್ಟ್ಜ್ ಹ್ಯೂಸ್ಟನ್‌ನಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್, ಅಂದರೆ ಬೇಸ್‌ಬಾಲ್‌ನ ಸಿಕ್ಸರ್, ಹೊಡೆದ. ಮೊದಲ ವರ್ಷದ ಆಟಗಾರ ಯಾರೂ ಅದನ್ನು ಅದುವರೆಗೆ ಮಾಡಿರಲಿಲ್ಲ. ಇಲ್ಲಿ ಬೆಳಿಗ್ಗೆ ಕಾಫಿಯ ಹೊತ್ತು, ಫೋನ್ ಬಡಿಯಿತು. “ನಾಲ್ಕು ಕಣೋ, ನಾಲ್ಕು” ಎಂದ ಗೆಳೆಯ. ಅಷ್ಟು ಹೇಳಿ ಸುಮ್ಮನಾದ. ಆಚೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ, ನಾನೂ ಏನೂ ಕೇಳಲಿಲ್ಲ.