ಟಿಡಿಎಸ್ ಮೀಟರಿಗೆ ಕಾಣದ ರಾಕೆಟ್ ಉಪ್ಪು

ಕ್ಯಾಲಿಫೋರ್ನಿಯಾದ ರಾಂಚೊ ಕಾರ್ಡೋವಾ ಸುತ್ತ ಮನೆ ಕೊಳ್ಳುವ ನಮ್ಮವರು, ನಾನು ಅಂತರ್ಜಲದ ಕೆಲಸದವನೆಂದು ತಿಳಿದೊಡನೆ ಏರೋಜೆಟ್ ಕಾರ್ಖಾನೆಯ ಬಗ್ಗೆ ವಿಚಾರಿಸುತ್ತಾರೆ. ಉತ್ತರಕ್ಕೆ ಕಾಯುವ ವ್ಯವಧಾನ ಮಾತ್ರ ಇರುವುದಿಲ್ಲ. ಊರಿನಿಂದ ತಂದ ಟಿಡಿಎಸ್ ಮೀಟರನ್ನು ಲೋಟಕ್ಕೆ ಅದ್ದಿ, ‘ನೋಡಿ ಸರ್, ಬರೀ 80, ನೀರು ಚೆನ್ನಾಗಿದೆ’ ಎಂದು ತಾವೇ ತೀರ್ಪು ಕೊಟ್ಟುಬಿಡುತ್ತಾರೆ.

ಕ್ಷಿಪಣಿಗಳ ರಾಕೆಟ್ ಎಂಜಿನ್ ತಯಾರಿಸಿದ ಆ ಜಾಗದಲ್ಲಿ, ಲೋಹದ ಜಿಡ್ಡು ತೊಳೆಯುವ ಟ್ರೈಕ್ಲೋರೋಎಥಿಲೀನ್ ಮತ್ತು ಘನ ಇಂಧನದ ಪರ್ಕ್ಲೋರೇಟ್ ಲವಣ ದಶಕಗಳ ಕಾಲ ನೆಲಕ್ಕಿಳಿದವು. 1983ರಲ್ಲೇ ಆ ಜಾಗ ಸೂಪರ್‌ಫಂಡ್ ಪಟ್ಟಿಗೆ, ಅಂದರೆ ಶುದ್ಧಗೊಳಿಸಬೇಕಾದ ಅತಿ ಕಲುಷಿತ ಜಾಗಗಳ ಅಮೆರಿಕ ಸರ್ಕಾರದ ಪಟ್ಟಿಗೆ ಸೇರಿತಾದರೂ, ಲೀಟರಿಗೆ 4 ಮೈಕ್ರೋಗ್ರಾಂನಷ್ಟು ಪರ್ಕ್ಲೋರೇಟನ್ನೂ ಪತ್ತೆಹಚ್ಚುವ ವಿಧಾನ 1997ರಲ್ಲಿ ಬಂದ ಮೇಲೆಯೇ ಕುಡಿಯುವ ನೀರಿನ ಬಾವಿಗಳಲ್ಲಿ ಅದರ ಹರಹು ತಿಳಿದದ್ದು.

ಟಿಡಿಎಸ್ ಮೀಟರು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು, ಕರಗಿದ ಲವಣಗಳೆಲ್ಲ ಸೇರಿ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಅಂದಾಜಿಸುತ್ತದೆ. ಕ್ಯಾಲಿಫೋರ್ನಿಯಾ 2007ರಲ್ಲಿ ಪರ್ಕ್ಲೋರೇಟಿಗೆ ಹಾಕಿದ ಮಿತಿ ಲೀಟರಿಗೆ 6 ಮೈಕ್ರೋಗ್ರಾಂ, ಅಂದರೆ 0.006 ಮಿಲಿಗ್ರಾಂ. ಮಿತಿಯ ಹತ್ತು ಪಟ್ಟು ಪರ್ಕ್ಲೋರೇಟ್ ಇದ್ದರೂ ಮೊತ್ತ 80.06 ಆದೀತು, ಮೀಟರು ಆಗಲೂ 80 ಎಂದೇ ತೋರಿಸುತ್ತದೆ. ಮೂಗುಬೊಟ್ಟನ್ನು ಲಾರಿಯ ವೇಬ್ರಿಡ್ಜ್ ಮೇಲಿಟ್ಟು ತೂಗಿದ ಹಾಗಾಯಿತು. ಟ್ರೈಕ್ಲೋರೋಎಥಿಲೀನ್ ಅಂತೂ ಲವಣವೇ ಅಲ್ಲವಾದ್ದರಿಂದ ಈ ಮೀಟರಿನ ಲೆಕ್ಕಕ್ಕೇ ಬರುವುದಿಲ್ಲ.

ಇಷ್ಟೆಲ್ಲ ವಿವರಿಸಿದ ಮೇಲೂ, ಮಗಳ ಬಾಣಂತನಕ್ಕೆ ಹಾಸನದಿಂದ ಬಂದಿದ್ದ ಹಿರಿಯರೊಬ್ಬರು, ‘ಹಾಗಾದರೆ ಚೆನ್ನಾಗಿ ಕುದಿಸಿಬಿಡೋಣ ಬಿಡಿ’ ಎಂದರು. ಅವರ ಕಾಳಜಿಗೆ ನಗಲಾಗಲಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಪರ್ಕ್ಲೋರೇಟ್ ಆವಿಯಾಗುವುದಿಲ್ಲ. ನೀರು ಬತ್ತಿದಷ್ಟೂ ಅದರ ಸಾಂದ್ರತೆ ಏರುತ್ತದೆ. ಟ್ರೈಕ್ಲೋರೋಎಥಿಲೀನ್ ಆವಿಯಾಗುತ್ತದೆ, ನಿಜ, ಆದರೆ ಹೋಗುವುದು ಅಡುಗೆಮನೆಯ ಗಾಳಿಗೆ.

ಪರ್ಕ್ಲೋರೇಟ್ ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರಿಕೊಳ್ಳುವುದಕ್ಕೆ ಅಡ್ಡಿ ಮಾಡುವುದರಿಂದ ಗರ್ಭಿಣಿಯರ ಮತ್ತು ಹಸುಗೂಸುಗಳ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಹಾಗೆಂದು ಮಿತಿ ದಾಟಿದೊಡನೆ ಕಾಯಿಲೆ ಬರುತ್ತದೆಂದು ನಾನು ಹೇಳಲಾರೆ. ಅದನ್ನು ವೈದ್ಯರನ್ನೇ ಕೇಳಬೇಕು. ನಲ್ಲಿ ನೀರಾದರೆ ಸರಬರಾಜು ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಪರೀಕ್ಷೆಯ ಅಂಕಿಗಳಿರುತ್ತವೆ, ಓದಿಕೊಳ್ಳಿ. ಸ್ವಂತ ಬೋರ್‌ವೆಲ್ ಇದ್ದರೆ ಪರೀಕ್ಷೆ ಮಾಡಿಸುವ ಹೊಣೆ ನಿಮ್ಮದೇ. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮಾದರಿ ಕೊಡುವಾಗ ‘ನೀರಿನ ಪರೀಕ್ಷೆ’ ಎಂದಷ್ಟೇ ಹೇಳಿ ಬರಬೇಡಿ, ಈ ಎರಡು ರಾಸಾಯನಿಕಗಳ ಹೆಸರನ್ನೂ ಬರೆದುಕೊಡಿ, ಹೆಸರಿಸದ್ದನ್ನು ಅವರು ಹುಡುಕುವುದಿಲ್ಲ.